ಆತ್ರೇಯಿಯ ದೂರು

ಭವಭೂತಿಯ ‘ಉತ್ತರರಾಮಚರಿತ’ವನ್ನು ನಾನು ಮೊದಲು ಓದಿದುದು ಸಂಸ್ಕೃತ ಪಾಠಶಾಲೆಯ ಜಗಲಿಯಲ್ಲಿ, ಗುರುಗಳ ಎದುರು ಚಾಪೆಯ ಮೇಲೆ ಕುಳಿತು. ಆ ನಾಟಕದ ಎರಡನೆಯ ಅಂಕದ ಮೊದಲಲ್ಲಿ ಉಪಾಧ್ಯಾಯವರ್ಗಕ್ಕೆ ಬಲು ಪ್ರಿಯವಾದ ಒಂದು ಶ್ಲೋಕವಿದೆ. ಗುರುವು ಬುದ್ಧಿವಂತನಿಗೂ ಮಂದನಿಗೂ ವಿದ್ಯೆಯನ್ನು ಸಮನಾಗಿಯೇ ನೀಡುತ್ತಾನೆ, ಫಲದಲ್ಲಿ ಮಾತ್ರ ಅಂತರವುಂಟಾಗುತ್ತದೆ, ಶುದ್ಧವಾದ ಮಣಿಯಲ್ಲಿ ಮೂಡುವ ಪ್ರತಿಬಿಂಬವು ಮಣ್ಣಿನ ಹೆಂಟೆಯಲ್ಲಿ ಮೂಡಲಾರದು ಎಂಬುದು ಅದರ ತಾತ್ಪರ್ಯ. ಮುಂದೆ ನಾನು ಶಾಲಾ ಉಪಾಧ್ಯಾಯನಾದಾಗ ಈ ಶ್ಲೋಕವು ನನಗೆ ಮಳೆಗಾಲದ ಕೊಡೆಯಂತೆ ಒದಗಿತು. ಪರೀಕ್ಷೆಯಲ್ಲಿ ಮಕ್ಕಳು ತಪ್ಪಿದಾಗಲೆಲ್ಲ ಅದನ್ನು ಬಿಚ್ಚಿ ಹಿಡಿಯುತ್ತಿದ್ದೆ. ತಪ್ಪಿನ ಒಂದು ಹನಿಯೂ ನನ್ನ ಮೈಮೇಲೆ ಬೀಳುತ್ತಿರಲಿಲ್ಲ. ನಾನು ಎಲ್ಲರಿಗೂ ಸಮನಾಗಿ ಕಲಿಸಿದ್ದೇನೆ. ಹೆಂಟೆಯಲ್ಲಿ ಬಿಂಬ ಮೂಡದಿದ್ದರೆ ಸೂರ್ಯನ ದೋಷವೇನು?

ಈ ಕೊಡೆ ಹೇಗೆ ಹರಿಯಿತೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ವಿಚಿತ್ರವೆಂದರೆ, ನಾನು ಕಲಿತ ಪಾಠಶಾಲೆಯಲ್ಲಿ ಯಾರೂ ಎಲ್ಲರಿಗೂ ಸಮನಾಗಿ ಕಲಿಸುತ್ತಿರಲಿಲ್ಲ. ನಾವು ಇದ್ದುದು ಹನ್ನೆರಡು ಹದಿಮೂರು ಮಂದಿ. ಒಬ್ಬನ ಕೈಯಲ್ಲಿ ಶಬ್ದಮಂಜರಿ, ಇನ್ನೊಬ್ಬನ ಕೈಯಲ್ಲಿ ಅಮರಕೋಶ, ಮತ್ತಿಬ್ಬರ ಮುಂದೆ ರಘುವಂಶ, ಹಿರಿಯನೊಬ್ಬನ ಮುಂದೆ ಸಿದ್ಧಾಂತಕೌಮುದಿ. ಎಲ್ಲರಿಗೂ ಗುರುಗಳು ಒಬ್ಬರೇ, ಜಗಲಿಯೂ ಒಂದೇ. ಹೊಸ ಪಾಠಕ್ಕೆ ಮೊದಲು ಹಿಂದಿನ ಪಾಠವನ್ನು ಒಪ್ಪಿಸಬೇಕು: ಪದಚ್ಛೇದ, ಅನ್ವಯ, ತಾತ್ಪರ್ಯ. ಎಲ್ಲಿ ತಡವರಿಸಿದೆವೋ ಅಲ್ಲಿ ಗುರುಗಳ ಬೆರಳು ಪುಸ್ತಕದ ಮೇಲೆ ನಿಲ್ಲುತ್ತಿತ್ತು. ಹುಡುಗನು ಸಮಾಸ ತಿಳಿಯದೆ ತಡೆದನೆ, ಶಬ್ದರೂಪ ಮರೆತು ತಡೆದನೆ, ಅಥವಾ ರಾತ್ರಿಯಿಡೀ ಬಯಲಾಟ ನೋಡಿ ನಿದ್ದೆಗೆಟ್ಟು ತಡೆದನೆ ಎಂಬುದನ್ನು ಅವರು ಎರಡು ಪ್ರಶ್ನೆಗಳಲ್ಲಿ ಅರಿತುಕೊಳ್ಳುತ್ತಿದ್ದರು. ಮೊದಲನೆಯವನಿಗೆ ಸಮಾಸದ ಪಾಠ, ಎರಡನೆಯವನಿಗೆ ಮತ್ತೆ ಶಬ್ದಮಂಜರಿ, ಮೂರನೆಯವನಿಗೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬರುವ ಅಪ್ಪಣೆ. ಅಂಕ ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. ದಿನವೂ ಪರೀಕ್ಷೆ, ಆದರೆ ಪರೀಕ್ಷೆಯೆಂಬ ಹೆಸರಿಲ್ಲ.

ಇದನ್ನು ಹೇಳಿದರೆ ನನ್ನನ್ನು ‘ಹಿಂದಿನದೆಲ್ಲವೂ ಚಿನ್ನ’ ಎನ್ನುವವರ ಗುಂಪಿಗೆ ಸೇರಿಸಬಾರದೆಂದು ಓದುಗರಲ್ಲಿ ಪ್ರಾರ್ಥನೆ. ಆ ಜಗಲಿಗೆ ಎಲ್ಲ ಮನೆಗಳ ಮಕ್ಕಳೂ ಬರುತ್ತಿರಲಿಲ್ಲ, ಬರುವಂತೆಯೂ ಇರಲಿಲ್ಲ. ಹನ್ನೆರಡು ಮಂದಿಗೆ ಸಾಧ್ಯವಾದುದು ನಲವತ್ತು ಮಂದಿಗೆ ಸುಲಭವೂ ಅಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ಎಂಬಾತನು ೧೮೨೩ರಲ್ಲಿ ತನ್ನ ಜಿಲ್ಲೆಯ ಊರಶಾಲೆಗಳ ಬಗ್ಗೆ ಮದರಾಸಿಗೆ ಬರೆದ ವರದಿ ಪ್ರಸಿದ್ಧವಾದುದು. ಆತನ ಲೆಕ್ಕದಂತೆ ಅಲ್ಲಿದ್ದ ಶಾಲೆಗಳು ೫೩೩, ಮಕ್ಕಳು ೬,೬೪೧. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು. ಅವುಗಳಲ್ಲಿ ಕನ್ನಡ ಶಾಲೆಗಳೇ ೨೩೫. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಮಾಡಿ, ಶಕ್ತಿಗೂ ಪ್ರಗತಿಗೂ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಏರಿಸುತ್ತಿದ್ದರು. ಮುಂದಾದವರು ಹಿಂದಾದವರಿಗೆ ಹೇಳಿಕೊಡುತ್ತಿದ್ದರು. ಇದನ್ನು ಆತನು ಮನಸಾರೆ ಮೆಚ್ಚಿದ್ದಾನೆ. ಅರ್ಥ ತಿಳಿಯದೆ ಪದ್ಯಗಳನ್ನು ಉರುಹೊಡೆಸುವುದನ್ನು ಅಷ್ಟೇ ನಿಷ್ಠುರವಾಗಿ ದೂರಿದ್ದಾನೆ. ಮೆಚ್ಚುಗೆಯೂ ದೂರೂ ಎರಡೂ ನಮಗೆ ಸಲ್ಲತಕ್ಕವೇ. ಅಂತೂ ಮಗು ಎಲ್ಲಿ ನಿಂತಿದೆಯೆಂದು ನೋಡಿ ಅಲ್ಲಿಂದ ಕೈಹಿಡಿದು ನಡೆಸುವ ವಿದ್ಯೆ ಕನ್ನಡನಾಡಿಗೆ ಹೊಸತಲ್ಲ. ತರಗತಿ, ಗಂಟೆ, ವಾರ್ಷಿಕ ಪರೀಕ್ಷೆ ಎಂಬ ಮೂರು ಏರ್ಪಾಡುಗಳ ನಡುವೆ ಅದು ಎಲ್ಲೋ ಕಳೆದುಹೋಯಿತು.

ನಾನು ೧೯೮೪ರಲ್ಲಿ ಘಟ್ಟದ ಬುಡದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಗುರುಗಳ ಬೆರಳನ್ನು ಮರೆತೆ. ಭವಭೂತಿಯ ಶ್ಲೋಕವನ್ನು ಮಾತ್ರ ನೆನಪಿಟ್ಟುಕೊಂಡೆ. ಐದನೆಯ ತರಗತಿಯಲ್ಲಿ ನಲವತ್ತಮೂರು ಮಕ್ಕಳು. ಪಾಠ ಓದಿಸುವುದು, ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸುವುದು, ‘ಅರ್ಥವಾಯಿತೆ?’ ಎಂದು ಕೇಳುವುದು, ‘ಆಯಿತು ಮಾಸ್ಟ್ರೇ’ ಎಂಬ ಸಮೂಹಗಾನವನ್ನು ಕೇಳಿ ಮುಂದಿನ ಪುಟಕ್ಕೆ ಹೋಗುವುದು, ಇದು ನನ್ನ ದಿನಚರಿ. ಆ ಸಮೂಹಗಾನದಲ್ಲಿ ಯಾರ ಬಾಯಿ ಬರಿದೆ ಆಡುತ್ತಿತ್ತು ಎಂಬುದನ್ನು ನಾನು ನೋಡಿದವನಲ್ಲ.

೧೯೮೭ರ ವಾರ್ಷಿಕ ಪರೀಕ್ಷೆಯಲ್ಲಿ ಹೊಳೆಯಾಚೆಯ ಒಬ್ಬ ಹುಡುಗನು ಗಣಿತದಲ್ಲಿ ನೂರಕ್ಕೆ ಏಳು ಅಂಕ ಪಡೆದನು. ಹಿಂದಿನ ವರ್ಷವೂ ಅವನು ಅದೇ ತರಗತಿಯಲ್ಲಿ ಉಳಿದವನು. ನಾನು ಕೆಂಪು ಶಾಯಿಯಲ್ಲಿ ‘೭’ ಎಂದು ಬರೆದು ಅದರ ಸುತ್ತ ದುಂಡಗೆ ಒಂದು ಗೆರೆ ಎಳೆದುದು ನನಗಿನ್ನೂ ನೆನಪಿದೆ. ನನ್ನ ಅಂಕೆಗಳು ಅಂದವಾಗಿದ್ದವು. ಫಲಿತಾಂಶದ ದಿನ ಅವನು ಗೋಡೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕಲಿಲ್ಲ. ಗೆಳೆಯರು ಹುಡುಕುವುದನ್ನು ನೋಡುತ್ತ ಕಂಬಕ್ಕೊರಗಿ ನಿಂತಿದ್ದನು. ಜೂನ್ ತಿಂಗಳಲ್ಲಿ ಶಾಲೆ ಮತ್ತೆ ತೆರೆದಾಗ ಅವನು ಬರಲಿಲ್ಲ. ಘಟ್ಟದ ಮೇಲೆ ಯಾವುದೋ ಹೋಟೆಲಿಗೆ ಕೆಲಸಕ್ಕೆ ಹೋದನೆಂದು ಮಕ್ಕಳು ಹೇಳಿದರು. ನಾನು ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ಹೆಂಟೆಯೊಂದು ಕಡಿಮೆಯಾಯಿತೆಂಬ ಸಮಾಧಾನ ಆ ದಿನ ನನಗಾಯಿತೆಂಬುದನ್ನು ಇಂದು ಮುಚ್ಚಿಟ್ಟು ಪ್ರಯೋಜನವಿಲ್ಲ.

ಇದಾಗಿ ಒಂಬತ್ತು ವರ್ಷಗಳ ಮೇಲೆ, ಬೇರೊಂದು ಶಾಲೆಯಲ್ಲಿ, ಒಂದು ಸಂಜೆ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ೪೦೩ರಿಂದ ೧೭೮ನ್ನು ಕಳೆಯಬೇಕೆಂಬುದು ಲೆಕ್ಕ. ಸರಿಯಾದ ಉತ್ತರ ೨೨೫. ಅಕ್ಕಪಕ್ಕದಲ್ಲಿ ಬಿದ್ದಿದ್ದ ಮೂರು ಪತ್ರಿಕೆಗಳಲ್ಲಿ ಮೂರು ತಪ್ಪು ಉತ್ತರಗಳಿದ್ದವು: ೩೭೫, ೨೩೫, ೩೨೫. ಮೂರಕ್ಕೂ ಸೊನ್ನೆ ಹಾಕಿದೆ. ಹಾಕಿದ ಮೇಲೆ, ವಿದ್ಯುತ್ತು ಹೋದುದರಿಂದ, ಬುಡ್ಡಿದೀಪದ ಬೆಳಕಿನಲ್ಲಿ ಕೆಲಸವಿಲ್ಲದೆ ಕುಳಿತು ಅವುಗಳನ್ನೇ ನೋಡತೊಡಗಿದೆ. ತಪ್ಪು ಮಾಡುವುದಾದರೆ ಮೂವರೂ ಒಂದೇ ತಪ್ಪನ್ನು ಏಕೆ ಮಾಡಲಿಲ್ಲ?

ಮೊದಲನೆಯವನು ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದನು. ಎಂಟರಿಂದ ಮೂರು ಹೋದರೆ ಐದು, ಏಳರಿಂದ ಸೊನ್ನೆ ಹೋದರೆ ಏಳು, ನಾಲ್ಕರಿಂದ ಒಂದು ಹೋದರೆ ಮೂರು. ಅವನಿಗೆ ದಶಕ ತೆಗೆಯುವುದೆಂದರೇನೆಂಬುದೇ ತಿಳಿದಿರಲಿಲ್ಲ. ಎರಡನೆಯವನಿಗೆ ತಿಳಿದಿತ್ತು. ನೂರರ ಸ್ಥಾನದಿಂದ ಒಂದನ್ನು ತಂದು ಸೊನ್ನೆಯನ್ನು ಹತ್ತು ಮಾಡಿದ್ದನು. ಆ ಹತ್ತರಲ್ಲಿ ಒಂದನ್ನು ಬಿಡಿಯ ಸ್ಥಾನಕ್ಕೆ ಕೊಟ್ಟುದನ್ನು ಮರೆತು, ಒಂಬತ್ತು ಇರಬೇಕಾದಲ್ಲಿ ಹತ್ತನ್ನೇ ಉಳಿಸಿಕೊಂಡಿದ್ದನು. ಮೂರನೆಯವಳು ಹುಡುಗಿ. ಅವಳು ಸೊನ್ನೆಯನ್ನು ಒಂಬತ್ತು ಮಾಡಿದ್ದು ಸರಿಯೇ. ನೂರರ ಸ್ಥಾನದ ನಾಲ್ಕು ಮೂರಾಗಬೇಕೆಂಬುದನ್ನು ಮಾತ್ರ ಬಿಟ್ಟಿದ್ದಳು. ಒಬ್ಬನು ದಾರಿಯನ್ನೇ ಅರಿಯದವನು, ಒಬ್ಬನು ನಡುದಾರಿಯಲ್ಲಿ ಎಡವಿದವನು, ಒಬ್ಬಳು ಮನೆಯ ಹೊಸ್ತಿಲಲ್ಲಿ ಜಾರಿದವಳು. ಮೂವರಿಗೂ ನಾನು ಕೊಟ್ಟ ಪದಾರ್ಥ ಒಂದೇ: ಸೊನ್ನೆ. ಮಾರನೆಯ ದಿನ ನಾನು ಮಾಡಬೇಕೆಂದಿದ್ದುದೂ ಒಂದೇ: ಅದೇ ಲೆಕ್ಕವನ್ನು ಹಲಗೆಯ ಮೇಲೆ ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳುವುದು.

ಮರುದಿನ ಮೊದಲನೆಯ ಹುಡುಗನನ್ನು ಕರೆದು, ‘ಇದನ್ನು ಹೇಗೆ ಮಾಡಿದೆ?’ ಎಂದು ಕೇಳಿದೆ. ಅವನು ಮಾತಾಡಲಿಲ್ಲ, ಪೆಟ್ಟು ಬೀಳುವುದೆಂದು ಅಂಗೈಯನ್ನು ಮುಂದೆ ಮಾಡಿದನು. ಅದನ್ನು ಕಂಡು ನನಗೆ ಹೇಗೆ ಹೇಗೋ ಆಯಿತು. ಮತ್ತೆ ತುಳುವಿನಲ್ಲಿ, ‘ಉಂದೆನ್ ಎಂಚ ಮಲ್ತ?’ ಎಂದು ಮೆತ್ತಗೆ ಕೇಳಿದೆ. ಆಗ ಬಾಯಿ ಬಿಟ್ಟನು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು, ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದು ಎಂದು ನೀವೇ ಹೇಳಿದ್ದಲ್ಲವೇ ಮಾಸ್ಟ್ರೇ, ಎಂದನು.

ನಿಜ. ನಾನೇ ಹೇಳಿದ್ದೆ, ಆ ವರ್ಷದ ಜೂನಿನಲ್ಲಿ, ಹಳೆಯ ಪಾಠವನ್ನು ನೆನಪಿಸುವಾಗ, ಅದೇ ಮಾತುಗಳಲ್ಲಿ. ಅವನು ಮರೆತುದಲ್ಲ, ಅಕ್ಷರಶಃ ನೆನಪಿಟ್ಟುಕೊಂಡು ಪಾಲಿಸಿದುದು. ಹೆಂಟೆಯಲ್ಲಿ ಬಿಂಬವು ಮೂಡಿಯೇ ಇತ್ತು. ನನ್ನ ಮುಖವೇ ಸೊಟ್ಟಗೆ ಅಲ್ಲಿ ಕಾಣುತ್ತಿತ್ತು.

ಅವನಿಗೆ ಹಿಡಿಸೂಡಿಯ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟುಗಳಾಗಿಯೂ, ಅಂಥ ಹತ್ತು ಕಟ್ಟುಗಳನ್ನು ಸೇರಿಸಿ ನೂರರ ಹೊರೆಯಾಗಿಯೂ ಕಟ್ಟಿಕೊಟ್ಟೆ. ನಾಲ್ಕು ಹೊರೆ, ಮೂರು ಬಿಡಿಕಡ್ಡಿ. ಅದರಿಂದ ಎಂಟು ಬಿಡಿಕಡ್ಡಿ ಕೊಡು ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದನು. ಮತ್ತೆ ತಾನಾಗಿಯೇ ಹೊರೆಯೊಂದನ್ನು ಬಿಚ್ಚಿ, ಅದರಲ್ಲಿನ ಕಟ್ಟೊಂದನ್ನು ಬಿಚ್ಚಿದನು. ಎರಡನೆಯವನಿಗೆ ಕಡ್ಡಿ ಬೇಕಿರಲಿಲ್ಲ. ಕೊಟ್ಟ ಮೇಲೆ ಉಳಿದುದನ್ನು ಅಂಕಿಯ ತಲೆಯ ಮೇಲೆ ಸಣ್ಣದಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸ ಬೇಕಿತ್ತು. ಹುಡುಗಿಗೆ ಬೇಕಾದುದು ತಾಳೆ ನೋಡುವ ಅಭ್ಯಾಸ ಮಾತ್ರ: ೩೨೫ಕ್ಕೆ ೧೭೮ನ್ನು ಕೂಡಿಸು ಎಂದೆ, ೫೦೩ ಬಂದುದನ್ನು ಕಂಡು ತನ್ನ ತಪ್ಪನ್ನು ತಾನೇ ಹುಡುಕಿದಳು. ಸರಿಯಾಗಿ ಮಾಡಿದವರನ್ನು ಸುಮ್ಮನೆ ಕೂರಿಸುವುದೂ ಅನ್ಯಾಯವೇ. ಬಿಡಿಸುವವನು ಎಡವುವಂಥ ಲೆಕ್ಕವೊಂದನ್ನು ನೀವೇ ಕಟ್ಟಿರಿ ಎಂದು ಅವರಿಗೆ ಹೇಳಿದೆ. ಅದು ಬಿಡಿಸುವುದಕ್ಕಿಂತ ಕಷ್ಟದ ಕೆಲಸವೆಂದು ಅವರಿಗೆ ಬೇಗನೆ ತಿಳಿಯಿತು. ಇಷ್ಟಕ್ಕೆಲ್ಲ ಹಿಡಿದುದು ಎರಡು ಗಂಟೆಯ ಪಾಠ.

ಅಂದಿನಿಂದ ಒಂದು ಹುಚ್ಚು ಹಿಡಿಯಿತು. ತಪ್ಪುಗಳನ್ನು ಎಣಿಸುವುದನ್ನು ಬಿಟ್ಟು ಅವುಗಳನ್ನು ಒಂದು ನೋಟುಪುಸ್ತಕದಲ್ಲಿ ಜಾತಿಜಾತಿಯಾಗಿ ಬರೆದಿಡತೊಡಗಿದೆ. ಆ ಪುಸ್ತಕ ನನಗೆ ಕಲಿಸಿದ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಮಳೆಯದು. ದಶಕ ತೆಗೆಯುವ ಲೆಕ್ಕದಲ್ಲಿ ದಾರಿಯನ್ನೇ ಅರಿಯದವರ ಹೆಸರುಗಳನ್ನು ಒಂದೆಡೆ ಬರೆದಾಗ ಅವರಲ್ಲಿ ಹೆಚ್ಚಿನವರು ಹೊಳೆಯಾಚೆಯವರೆಂದು ಕಂಡಿತು. ಕಪಾಟಿನಿಂದ ಹಾಜರಿ ಪುಸ್ತಕವನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಆ ಪಾಠವನ್ನು ನಾನು ಮಾಡುತ್ತಿದ್ದುದು ಪ್ರತಿವರ್ಷ ಜುಲೈಯಲ್ಲಿ. ಚಾರ್ಮಾಡಿಯ ಕಡೆಯಿಂದ ಇಳಿಯುವ ಹೊಳೆಹಳ್ಳಗಳು ತುಂಬಿ, ಕಾಲುಸಂಕದ ಮೇಲೆ ನೀರು ಹರಿದು, ಆಚೆಯ ಮಕ್ಕಳು ಮನೆಯಲ್ಲಿ ಉಳಿಯುವುದೂ ಅದೇ ಆಟಿಯ ಮಳೆಯಲ್ಲಿ. ಹಾಜರಿ ಪುಸ್ತಕವೂ ಅಂಕದ ಪುಸ್ತಕವೂ ಎಷ್ಟೋ ವರ್ಷ ಒಂದೇ ಕಪಾಟಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದವು. ಅವೆರಡನ್ನೂ ಒಮ್ಮೆಗೇ ತೆರೆದವರು ಯಾರೂ ಇಲ್ಲ. ಅಂದಿನಿಂದ ಆ ಪಾಠವನ್ನು ಸೆಪ್ಟೆಂಬರಿಗೆ ಹಾಕಿದೆ. ಮಳೆಯ ತಿಂಗಳಲ್ಲಿ ಹಳೆಯ ಪಾಠಗಳ ಅಭ್ಯಾಸವನ್ನಿಟ್ಟೆ. ಹೊಳೆಯಾಚೆಯ ‘ದಡ್ಡತನ’ದಲ್ಲಿ ಬಹುಪಾಲು ಒಂದೇ ವರ್ಷದಲ್ಲಿ ಇಳಿದುಹೋಯಿತು. ೧೯೮೭ರ ಹುಡುಗನೂ ಹೊಳೆಯಾಚೆಯವನೇ ಎಂಬುದು ಆ ರಾತ್ರಿ ನನ್ನನ್ನು ನಿದ್ದೆಮಾಡಗೊಡಲಿಲ್ಲ.

ಎರಡನೆಯದು ಭಾಷೆಯದು. ನಮ್ಮ ಮುಂಡಾಜೆಯ ಸುತ್ತಣ ಮನೆಗಳಲ್ಲಿ ಆಡುವ ನುಡಿಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಲದು: ತುಳು, ಚಿತ್ಪಾವನಿ, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ. ಪುಸ್ತಕದ ಕನ್ನಡವು ಹೆಚ್ಚಿನ ಮಕ್ಕಳಿಗೆ ಶಾಲೆಯ ಮೆಟ್ಟಿಲಲ್ಲಿ ಭೇಟಿಯಾಗುವ ನೆಂಟ. ಅದರ ಮೇಲೆ ನನ್ನ ಸಂಸ್ಕೃತ ಬೇರೆ! ಸಂಕಲನ, ವ್ಯವಕಲನ, ಭಾಜ್ಯ, ಭಾಜಕ ಎಂದು ಉಚ್ಚರಿಸುವಾಗ ನನಗೆ ಪರಮಾನಂದ. ಒಮ್ಮೆ ಭಾಗಾಕಾರದ ಪಾಠದಲ್ಲಿ ಒಬ್ಬ ಹುಡುಗಿಯನ್ನು ಎಬ್ಬಿಸಿ, ‘ಶೇಷ ಎಂದರೇನು?’ ಎಂದು ಕೇಳಿದೆ. ಅವಳು ಕೈಜೋಡಿಸಿ, ‘ನಾಗಬನದಲ್ಲಿರುವುದು’ ಎಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ವರ್ಷವಿಡೀ ಅವಳು ಮತ್ತೆ ತಾನಾಗಿ ಬಾಯಿ ತೆರೆಯಲಿಲ್ಲ. ಅವಳ ಉತ್ತರದಲ್ಲಿ ತಪ್ಪೇನಿತ್ತು? ತನಗೆ ಗೊತ್ತಿದ್ದ ಶೇಷನನ್ನು ಅವಳು ಹೇಳಿದಳು. ಇಪ್ಪತ್ತಮೂರು ಹಣ್ಣಡಕೆಯನ್ನು ಐವರಿಗೆ ಸಮನಾಗಿ ಹಂಚಿ ಬುಟ್ಟಿಯಲ್ಲಿ ಉಳಿಯುವುದೆಷ್ಟು ಎಂದು ಮನೆಮಾತಿನಲ್ಲಿ ಕೇಳಿದ್ದರೆ ಒಂದು ಉಸಿರಿನಲ್ಲಿ ಹೇಳುತ್ತಿದ್ದಳು. ನಾನು ಪರೀಕ್ಷಿಸಿದುದು ಅವಳ ಗಣಿತವನ್ನಲ್ಲ, ನನ್ನ ನಿಘಂಟನ್ನು. ತಡೆ ಲೆಕ್ಕದಲ್ಲಿದೆಯೆ, ಭಾಷೆಯಲ್ಲಿದೆಯೆ ಎಂಬುದನ್ನು ಮೊದಲು ಬೇರ್ಪಡಿಸಿ ನೋಡದೆ ಮಗುವನ್ನು ಅಳೆಯುವುದು, ಬಟ್ಟೆಯ ಮೇಲಿನಿಂದ ಮೈತೂಕ ಹೇಳಿದಂತೆ.

ನಾನು ನನ್ನ ಮೂಲೆಯಲ್ಲಿ ಹೀಗೆ ತಡಕಾಡುತ್ತಿದ್ದ ಕಾಲದಲ್ಲಿಯೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಕೆಲವು ಉಪಾಧ್ಯಾಯರು ಇದನ್ನೇ ಕ್ರಮವಾಗಿ ಮಾಡತೊಡಗಿದ್ದರು. ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು, ಯುನಿಸೆಫಿನ ನೆರವಿನಿಂದ ೧೯೯೫ರಲ್ಲಿ ಅವರು ಆರಂಭಿಸಿದುದೇ ‘ನಲಿಕಲಿ’. ೨೦೦೯–೧೦ರಲ್ಲಿ ಅದು ರಾಜ್ಯದ ಸರಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂದಿತು. ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯಾಗಿ ಬರೆದಿಡುವುದು. ಮೆಟ್ಟಿಲಿಗೊಂದು ಚಿತ್ರದ ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ ಕಾರ್ಡು ತೆಗೆದುಕೊಂಡು ಗುಂಪಿಗೆ ಹೋಗುವುದು. ಉಪಾಧ್ಯಾಯರ ಪೂರ್ಣ ನೆರವು ಬೇಕಾದವರದೊಂದು ಗುಂಪು, ಅಲ್ಪ ನೆರವು ಸಾಕಾದವರದೊಂದು, ಗೆಳೆಯರ ನೆರವಿನಿಂದ ಕಲಿಯುವವರದು, ತಾವಾಗಿಯೇ ಕಲಿಯುವವರದು, ಹೀಗೆ. ಕೆಲವು ಮೆಟ್ಟಿಲುಗಳಿಗೊಮ್ಮೆ ಮೌಲ್ಯಮಾಪನದ ಕಾರ್ಡು ಬರುತ್ತಿತ್ತು. ಅದನ್ನು ದಾಟದವನಿಗೆ ಅಪಜಯವೆಂಬ ಹೆಸರಿಲ್ಲ, ಇನ್ನಷ್ಟು ಅಭ್ಯಾಸ ಮಾತ್ರ. ಮೂರು ವಾರ ಗೈರುಹಾಜರಾದ ಮಗುವು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತತೊಡಗುತ್ತಿತ್ತು. ನಮ್ಮ ಕಾಲುಸಂಕದ ಮಕ್ಕಳಿಗಾಗಿಯೇ ಯಾರೋ ಯೋಚಿಸಿದಂತಿತ್ತು.

ನಾನು ಮೊದಲು ಇದನ್ನು ಗೇಲಿಮಾಡಿದವರಲ್ಲಿ ಒಬ್ಬನು. ‘ಇದೇನು ಶಾಲೆಯೋ ಸಂತೆಯೋ’ ಎಂದೆ. ಒಂದು ದಿನ ಕೆಳತರಗತಿಯ ಬಾಗಿಲಲ್ಲಿ ನಿಂತು ನೋಡಿದಾಗ, ಒಂದು ಮಗು ಅಕ್ಷರ ತಿದ್ದುತ್ತ, ಇನ್ನೊಂದು ಕತೆ ಓದುತ್ತ, ಮತ್ತೆರಡು ಕಡ್ಡಿ ಎಣಿಸುತ್ತ ಇದ್ದುವು. ಉಪಾಧ್ಯಾಯಿನಿ ನೆಲದ ಮೇಲೆ ಚಾಪೆಯಲ್ಲಿ ಕುಳಿತು ಒಂದು ಮಗುವಿನ ಪುಸ್ತಕದ ಮೇಲೆ ಬೆರಳಿಟ್ಟಿದ್ದಳು. ಶಬ್ದಮಂಜರಿ, ಅಮರಕೋಶ, ರಘುವಂಶ! ನನ್ನ ಗುರುಗಳ ಜಗಲಿ ಅಲ್ಲಿತ್ತು. ಅದೂ ಎಲ್ಲ ಮನೆಗಳ ಮಕ್ಕಳಿಗೂ ತೆರೆದ ಬಾಗಿಲಿನೊಂದಿಗೆ.

ಕಾಯಿದೆಯೂ ಬಂದಿತು. ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ನಿರಂತರವೂ ವ್ಯಾಪಕವೂ ಆದ ಮೌಲ್ಯಮಾಪನ ನಡೆಯಬೇಕೆಂದು ವಿಧಿಸಿತು. ನಾನು ಸೇವೆಯಲ್ಲಿದ್ದ ಕಡೆಯ ವರ್ಷಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಹೆಸರು ಭಾರವಾದರೂ ಅರ್ಥ ಸರಳ. ಅನ್ನ ಬೇಯುತ್ತಿರುವಾಗ ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡಿ ಬೆಂಕಿಯನ್ನು ಹೆಚ್ಚುಕಡಮೆ ಮಾಡುವುದು ರೂಪಣಾತ್ಮಕ. ಉಂಡವನು ಚೆನ್ನಾಗಿತ್ತು, ಇಲ್ಲ ಎನ್ನುವುದು ಸಂಕಲನಾತ್ಮಕ. ಉಂಡವನ ಮಾತಿನಿಂದ ಆ ಹೊತ್ತಿನ ಅನ್ನ ಬೇಯುವುದಿಲ್ಲ. ಮೈಕೇಲ್ ಸ್ಕ್ರಿವೆನ್ ಎಂಬ ವಿದ್ವಾಂಸರು ೧೯೬೭ರಲ್ಲಿ ಈ ಎರಡು ಹೆಸರುಗಳನ್ನು ಬಳಕೆಗೆ ತಂದರೆಂದು ತಿಳಿದವರು ಹೇಳುತ್ತಾರೆ. ಅಗುಳು ಹಿಸುಕುವ ವಿದ್ಯೆಯಂತೂ ಅದಕ್ಕಿಂತ ಹಳೆಯದು.

ಆದರೆ ಅಗುಳು ಹಿಸುಕಿದ ಪ್ರತಿಸಲವೂ ಅದನ್ನು ನಾಲ್ಕು ಕಾಲಮುಗಳ ಪುಸ್ತಕದಲ್ಲಿ ಬರೆಯಬೇಕೆಂದರೆ ಒಲೆಯ ಮುಂದೆ ಕುಳಿತವಳು ಏನು ಮಾಡಿಯಾಳು? ಅದೇ ಆಯಿತು. ಮಗುವನ್ನು ನೋಡಬೇಕಾದ ಹೊತ್ತು ಮಗುವನ್ನು ನೋಡಿದೆವೆಂದು ಬರೆಯುವುದಕ್ಕೆ ಹೋಯಿತು. ವರ್ಷದ ಕೊನೆಯಲ್ಲಿ ಒಂದೇ ಕುಳಿತದಲ್ಲಿ ನಾಲ್ಕೂ ಮೌಲ್ಯಮಾಪನಗಳ ಕಾಲಮುಗಳು ತುಂಬಿದುದನ್ನು ನಾನು ಕಂಡಿದ್ದೇನೆ. ಒಮ್ಮೆ ನಾನೂ ತುಂಬಿದ್ದೇನೆ.

ಇನ್ನೂ ಒಂದು ದೋಷ ನನ್ನ ಪ್ರಯತ್ನದಲ್ಲಿಯೇ ಇತ್ತು. ತಪ್ಪಿಗೆ ತಕ್ಕ ಗುಂಪುಗಳನ್ನು ಮಾಡಿದೆನಲ್ಲ, ಆ ಗುಂಪುಗಳು ಕ್ರಮೇಣ ಸಾಲುಗಳಾದುವು, ಸಾಲುಗಳು ಗಟ್ಟಿಯಾದುವು. ಒಂದು ದಿನ ಹುಡುಗಿಯೊಬ್ಬಳು, ‘ಮಾಸ್ಟ್ರೇ, ನಾನು ಆ ಸಾಲಿಗೆ ಹೋಗುವುದು ಯಾವಾಗ?’ ಎಂದು ಕೇಳಿದಳು. ಅವಳು ಅಲ್ಲಿಗೆ ಹೋಗಬೇಕಾದುದು ಒಂದು ತಿಂಗಳ ಹಿಂದೆಯೇ! ನಾನು ಅವಳನ್ನು ಮತ್ತೆ ನೋಡಿಯೇ ಇರಲಿಲ್ಲ. ಹುಟ್ಟಿನಿಂದ ಸಾಲು ಹಿಡಿಸುವ ಸಮಾಜದಲ್ಲಿ ಶಾಲೆಯೂ ಬುದ್ಧಿಯ ಹೆಸರಿನಲ್ಲಿ ಇನ್ನೊಂದು ಸಾಲು ಹಿಡಿಸುವುದಾದರೆ ಅಂಥ ವಿಂಗಡಣೆಗಿಂತ ಎಲ್ಲರನ್ನೂ ಒಟ್ಟಿಗೆ ಕೂರಿಸುವುದೇ ಲೇಸು. ಆಮೇಲೆ ನನಗೊಂದು ನಿಯಮ ಮಾಡಿಕೊಂಡೆ: ಗುಂಪು ಲೆಕ್ಕದ್ದು, ಮಗುವಿನದಲ್ಲ, ಹದಿನೈದು ದಿನಕ್ಕೆ ಹಳೆಯ ಗುಂಪು ಮುರಿಯಲೇಬೇಕು. ಕಳೆಯುವುದರಲ್ಲಿ ಹಿಂದಾದವನು ಆಕೃತಿಗಳನ್ನು ಬರೆಯುವುದರಲ್ಲಿ ಮುಂದಾಗಿ ಇತರರಿಗೆ 
ಹೇಳಿಕೊಟ್ಟುದುಂಟು.

ಸೇವೆಯಿಂದ ನಿವೃತ್ತನಾದುದು ೨೦೧೯ರಲ್ಲಿ. ಮರುವರ್ಷ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳೆಲ್ಲ ಮುಚ್ಚಿದುವು. ನೆರೆಯ ಮಕ್ಕಳು ತಿಂಗಳುಗಟ್ಟಲೆ ಮನೆಯಲ್ಲಿ ಉಳಿದು ಅಕ್ಷರ ಮರೆಯುವುದನ್ನು ಕಣ್ಣಾರೆ ಕಂಡೆ. ಇಡೀ ನಾಡೇ ಹೊಳೆಯಾಚೆಯ ಮನೆಯಾಗಿತ್ತು. ೨೦೨೨–೨೩ರಲ್ಲಿ ಸರಕಾರವು ‘ಕಲಿಕಾ ಚೇತರಿಕೆ’ ಎಂದು ವರ್ಷವೊಂದನ್ನು ಹಿಂದಿನದನ್ನು ತುಂಬುವುದಕ್ಕೆ ಮೀಸಲಿಟ್ಟಾಗ, ಒಂದು ಮಗುವಿಗೆ ನ್ಯಾಯವಾದುದೇ ಎಲ್ಲರಿಗೂ ನ್ಯಾಯವೆಂದು ಕೊನೆಗೂ ಒಪ್ಪಿದಂತಾಯಿತು.

ಆ ಬಿಡುವಿನ ಕಾಲದಲ್ಲಿ ‘ಉತ್ತರರಾಮಚರಿತ’ವನ್ನು ಮತ್ತೆ ತೆರೆದೆ. ನಲವತ್ತು ವರ್ಷ ಬಾಯಿಪಾಠವಾಗಿದ್ದ ಆ ಶ್ಲೋಕವನ್ನು ನಾಟಕದಲ್ಲಿ ಹೇಳುವವರಾರು? ವಾಲ್ಮೀಕಿಯಲ್ಲ, ಯಾವ ಗುರುವೂ ಅಲ್ಲ. ಹೇಳುವವಳು ಆತ್ರೇಯಿ ಎಂಬ ವಿದ್ಯಾರ್ಥಿನಿ. ಅವಳು ವಾಲ್ಮೀಕಿಯ ಆಶ್ರಮವನ್ನು ಬಿಟ್ಟು, ಅಗಸ್ತ್ಯಾದಿಗಳಲ್ಲಿ ವೇದಾಂತವನ್ನು ಕಲಿಯಲು ದಂಡಕಾರಣ್ಯಕ್ಕೆ ನಡೆದು ಬಂದಿದ್ದಾಳೆ. ಏಕೆ ಬಿಟ್ಟೆಯೆಂದು ವನದೇವತೆ ಕೇಳುತ್ತಾಳೆ. ಕುಶಲವರೆಂಬ ಇಬ್ಬರು ಬಾಲಕರ ಬುದ್ಧಿಯ ವೇಗಕ್ಕೆ ತನ್ನಂಥವರು ಜೊತೆಯಾಗಿ ಓದಲಾರರೆಂದು ಹೇಳಿ, ಆಮೇಲೆ ಅವಳು ಆ ಶ್ಲೋಕವನ್ನು ಹೇಳುತ್ತಾಳೆ.

ಪುಸ್ತಕವನ್ನು ಮಡಿಚಿಟ್ಟೆ. ಉಪಾಧ್ಯಾಯನ ಸಮರ್ಥನೆಯೆಂದು ನಾನು ಹಿಡಿದಿದ್ದ ಮಾತು, ಶಾಲೆ ಬಿಟ್ಟು ಹೊರಟವಳ ಮಾತು. ತರಗತಿಯ ವೇಗಕ್ಕೆ ಕಾಲು ಸೋತವಳು, ತನ್ನನ್ನೇ ಹೆಂಟೆಯ ಸಾಲಿನಲ್ಲಿಟ್ಟು, ಗುರುವನ್ನು ಒಂದು ಮಾತೂ ದೂರದೆ ಹೊರಟುಹೋಗುತ್ತಾಳೆ. ಶಾಲೆ ಬಿಟ್ಟ ಮಕ್ಕಳೆಲ್ಲ ಹೀಗೆಯೇ ಹೋಗುತ್ತಾರೆ. ‘ನನಗೆ ತಲೆಯಿಲ್ಲ’ ಎನ್ನುತ್ತಾರೆ, ‘ನಿಮಗೆ ಕಣ್ಣಿಲ್ಲ’ ಎನ್ನುವುದಿಲ್ಲ. ಅವಳು ಹೇಳುವ ಎರಡನೆಯ ವಿಘ್ನವಂತೂ ಇನ್ನೂ ಸ್ವಾರಸ್ಯದ್ದು: ಗುರುಗಳು ಆಗ ಬರೆಯುವುದರಲ್ಲಿ ಮುಳುಗಿದ್ದರು! ವಾಲ್ಮೀಕಿ ಬರೆಯುತ್ತಿದ್ದುದು ರಾಮಾಯಣವನ್ನು, ಅದನ್ನು ಕ್ಷಮಿಸಬಹುದು. ನಾವು ತುಂಬುತ್ತಿದ್ದುದು ಕಾಲಮುಗಳನ್ನು.

ಮಕ್ಕಳಿರುವ ಮನೆಗಳವರಲ್ಲಿ ನನ್ನದೊಂದು ಬಿನ್ನಹ. ಇಸ್ರೇಲಿನ ರೂತ್ ಬಟ್ಲರ್ ಎಂಬ ಸಂಶೋಧಕಿ ೧೯೮೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವು ಶಾಲಾಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಅವರ ಕೆಲಸದ ಬಗ್ಗೆ ಎರಡು ಮಾತು ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಮಾತು ಮಾತ್ರ ಪಡೆದವರು ಮುಂದಿನ ಕೆಲಸದಲ್ಲಿ ಮೇಲಾದರು; ಎರಡನ್ನೂ ಪಡೆದವರಿಗೆ ಆ ಲಾಭವಾಗಲಿಲ್ಲ. ಅಂಕವು ಕಣ್ಣಿಗೆ ಬಿದ್ದೊಡನೆ ಮಾತು ಕಿವಿಗೆ ಬೀಳುವುದಿಲ್ಲ. ನಮ್ಮ ಮನೆಗಳಲ್ಲಿಯೂ ಪ್ರಗತಿಪತ್ರ ಬಂದೊಡನೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು?’ ಎಂಬುದು, ಎರಡನೆಯದು ‘ಪಕ್ಕದ ಮನೆಯವನಿಗೆ ಎಷ್ಟು?’ ಎಂಬುದು. ಅದಕ್ಕೆ ಬದಲಾಗಿ ತಪ್ಪಾದ ಒಂದು ಲೆಕ್ಕವನ್ನು ತೆಗೆದುಕೊಂಡು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಮಾತಿನಲ್ಲಿ, ‘ಇದನ್ನು ಹೇಗೆ ಮಾಡಿದೆ?’ ಎಂದು ಕೇಳಿರಿ. ಉತ್ತರ ಬರುವವರೆಗೆ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ; ನನಗೆ ಅದನ್ನು ಕಲಿಯಲು ಹನ್ನೆರಡು ವರ್ಷ ಬೇಕಾಯಿತು.

೧೯೮೭ರ ಉತ್ತರಪತ್ರಿಕೆಗಳನ್ನು ನಿಯಮದಂತೆ ಅವಧಿ ಮುಗಿದ ಮೇಲೆ ಸುಟ್ಟೆವು. ಅಂಕಗಳು ಮಾತ್ರ ಪುಸ್ತಕದಲ್ಲಿ ಉಳಿದುವು. ಆ ಹುಡುಗನು ಯಾವ ಲೆಕ್ಕವನ್ನು ಹೇಗೆ ಮಾಡಿದ್ದನು, ದಾರಿಯನ್ನು ಅರಿಯದವನೋ, ಹೊಸ್ತಿಲಲ್ಲಿ ಜಾರಿದವನೋ, ಇಂದು ನಾನು ಹೇಳಲಾರೆ. ಅವನು ಬರೆದುದೆಲ್ಲ ಬೂದಿಯಾಗಿ, ನಾನು ಬರೆದ ಏಳು ಎಂಬ ಅಂಕಿಯೊಂದು ನನ್ನಲ್ಲಿ ಉಳಿದಿದೆ. ಆ ಅಂಕ ಅವನದೆಂದು ಅಂದು ತಿಳಿದಿದ್ದೆ.